ಸೂತಕದ ಮನೆಯೆಂದು ನಾನು ತೋರಿಸಿದ ಮನೆ

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಮೊನ್ನೆ ಹಳೆಯ ಮಾಲೀಕ ಪ್ರಸನ್ನ ಫೋನ್ ಮಾಡಿ, "ವಾರಿಜಕ್ಕ, ಹೊಸ್ದಾಗಿ ಟೂರ್ ಗೈಡ್ ಆಗಿ ಸೇರ್ತಿರೋರಿಗೆ ನಿಮ್ಮ ಎಕ್ಸ್‌ಪೀರಿಯೆನ್ಸ್ ಒಂದೆರಡು ಪೇಜ್ ಬರ್ಕೊಡಿ. ಸ್ವಲ್ಪ ಇನ್‌ಸ್ಪೈರಿಂಗ್ ಆಗಿರ್ಲಿ" ಎಂದ. ಸರಿ, ಬರೆಯುತ್ತಿದ್ದೇನೆ. ಇನ್‌ಸ್ಪೈರಿಂಗ್ ಮಾಡುವುದು ನನ್ನಿಂದ ಆಗುವ ಕೆಲಸವಲ್ಲ. ಅವನು ಇದನ್ನು ನಿಮಗೆ ಹಂಚದಿದ್ದರೆ ನಾನೇ ಒಬ್ಬೊಬ್ಬರಿಗೆ ಕಳಿಸುತ್ತೇನೆ.

ನಾನು ಉಡುಪಿ ಕಡೆಯವಳು. ಗಂಡನ ಕೆಲಸದ ಬೆನ್ನಿಗೆ ನೆದರ್‌ಲ್ಯಾಂಡ್ಸಿಗೆ ಬಂದು ಆಮ್ಸ್ಟೆಲ್‌ವೀನ್‌ನ ಫ್ಲಾಟಿನಲ್ಲಿ ಕೂತೆ. ಎರಡು ಚಳಿಗಾಲ ಕಿಟಕಿ ನೋಡಿ ಕಳೆಯುವಷ್ಟರಲ್ಲಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಆಗ ಪ್ರಸನ್ನ ಹೊಸದಾಗಿ ಬಸ್ ಟೂರ್ ಶುರು ಮಾಡಿದ್ದ. ಮಕ್ಕಳ ಮೇ ತಿಂಗಳ ರಜೆಯಲ್ಲಿ ಆಮ್ಸ್ಟೆಲ್‌ವೀನ್‌ನಲ್ಲಿ ಅರ್ಧ ಬಸ್ಸು, ವೆಲ್ಡ್‌ಹೋವನ್‌ನಲ್ಲಿ ಇನ್ನರ್ಧ ಬಸ್ಸು ತುಂಬಿಸಿಕೊಂಡು ಯುರೋಪ್ ಸುತ್ತಿಸುವುದು. ಕನ್ನಡ ಮಾತಾಡುವ ಗೈಡು, ಪುಳಿಯೋಗರೆ ಡಬ್ಬಿ, ಮೊಸರನ್ನ, ಎಲ್ಲವೂ ಟಿಕೆಟ್ಟಿನಲ್ಲೇ ಬಂತು. ಅರ್ಧಂಬರ್ಧ ಡಚ್ ಕಲಿತಿದ್ದೆ, ಬಾಯಿ ಜೋರಿತ್ತು. ಕೆಲಸ ಸಿಕ್ಕಿತು.

ಮೊದಲ ದಿನ ಅವನು ಕಲಿಸಿದ್ದು ಒಂದೇ ಪಾಠ. "ಅಕ್ಕ, ಮೈಕ್ ಯಾವತ್ತೂ ಸುಮ್ನಿರ್ಬಾರ್ದು. ಬಸ್ಸಲ್ಲಿ ಮಾತು ನಿಂತ್ರೆ ಜನ ಕಂಪ್ಲೇಂಟ್ ಯೋಚ್ನೆ ಮಾಡ್ತಾರೆ. ಗೊತ್ತಿಲ್ದಿದ್ರೂ ಏನಾದ್ರೂ ಹೇಳಿ." ನಿಮಗೂ ಇದನ್ನೇ ಹೇಳುತ್ತಾನೆ, ನೋಡಿ ಬೇಕಾದರೆ. ಹದಿನೆಂಟು ವರ್ಷ ನಾನು ಈ ಮಾತನ್ನು ದೇವರ ವಾಕ್ಯದ ಹಾಗೆ ಪಾಲಿಸಿದೆ. ನನ್ನ ಕರ್ಮ.

ಬಹಳ ಊರು ತೋರಿಸಿದ್ದೇನೆ. ಈಗ ಬರೆಯುವುದು ಒಂದೇ ಊರಿನ ಮಾತು. ಪೋಲೆಂಡಿನ ದಕ್ಷಿಣ ತುದಿಯಲ್ಲಿ ತಾತ್ರಾ ಬೆಟ್ಟಗಳ ಬುಡದಲ್ಲಿದೆ. ಹೆಸರು ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಯಾರಾದರೊಬ್ಬರು ಬಸ್ಸು ತಿರುಗಿಸಿಕೊಂಡು ಅಲ್ಲಿಗೆ ಹೋಗುತ್ತೀರಿ, ಆ ಮನೆ ಯಾವುದು ಎಂದು ಹುಡುಕುತ್ತೀರಿ. ಅದು ಬೇಡ.

ಊರೆಂದರೆ ಒಂದು ಉದ್ದನೆಯ ಬೀದಿ. ಎರಡೂ ಬದಿಗೆ ಮರದ ಮನೆಗಳು. ದಪ್ಪ ದಪ್ಪ ದಿಮ್ಮಿಗಳನ್ನು ಸೀಳಿ, ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸಿ ಕಟ್ಟಿದವು. ಸಂದಿಗೆ ಮರದ ಹೆರೆಯನ್ನು ಹುರಿ ಮಾಡಿ ತುರುಕಿರುತ್ತಾರೆ, ಗಾಳಿ ನುಗ್ಗದಂತೆ. ಒಳಗೆ ಚಾವಣಿಯ ನಡುದಿಮ್ಮಿಯ ಮೇಲೆ ಹೂವಿನ ಕೆತ್ತನೆ, ಮನೆ ಕಟ್ಟಿದ ವರ್ಷ. ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿ ಈ ಊರಿನ ಕುರುಬರು ಒಂದು ಚಳಿಗಾಲ ದಂಗೆ ಎದ್ದಿದ್ದರು. ಕೆಲವೇ ದಿನಗಳಲ್ಲಿ ಅದನ್ನು ತುಳಿದುಹಾಕಿದರು. ಆಳುವವರ ಲೆಕ್ಕದಲ್ಲಿ ಅದೊಂದು ಗಲಾಟೆ, ಊರವರಿಗೆ ಇವತ್ತಿಗೂ ಯುದ್ಧ. ಇದನ್ನೆಲ್ಲ ನಾನು ಲೈಬ್ರರಿಯ ಡಚ್ ಪುಸ್ತಕಗಳಿಂದ, ಪದಕೋಶ ಪಕ್ಕದಲ್ಲಿಟ್ಟುಕೊಂಡು, ಒಂದು ಇಡೀ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಬಿ.ಎ.ಗೂ ಓದಿದವಳಲ್ಲ.

ಮೊದಲ ವರ್ಷ ಬಸ್ಸು ಆ ಬೀದಿಗೆ ತಿರುಗಿದ ಕೂಡಲೇ ಮೈಕಿನಲ್ಲಿ ದಂಗೆಯ ಕಥೆ ಶುರುಮಾಡಿದೆ. ಎರಡನೇ ವಾಕ್ಯಕ್ಕೆ ಹಿಂದಿನಿಂದ ಒಂದು ದನಿ: "ಆಂಟಿ, ಟಾಯ್ಲೆಟ್ ಎಲ್ಲಿ?" ಮೂರನೆಯದಕ್ಕೆ ಇನ್ನೊಬ್ಬರು, "ಇಲ್ಲಿ ನೆಟ್‌ವರ್ಕ್ ಬರ್ತಿಲ್ವಲ್ಲ ಮೇಡಂ." ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಕಣ್ಣು ಬಿಟ್ಟು ನೋಡುವವರಿಗೆ ಆ ಊರಲ್ಲಿ ಒಂದು ಆಶ್ಚರ್ಯ ಇದೆ. ಮರದ ಮನೆ ಎಂದರೆ ಬಿಸಿಲಿಗೆ, ಮಂಜಿಗೆ ಕಪ್ಪಾಗಬೇಕು. ಅಲ್ಲಿನವು ಜೇನಿನ ಬಣ್ಣಕ್ಕಿರುತ್ತವೆ. ವರ್ಷಕ್ಕೊಮ್ಮೆ, ಊರ ಹಬ್ಬಕ್ಕೆ ಮೊದಲು, ಮನೆಯ ಹೆಂಗಸರು ಏಣಿ ಹತ್ತಿ ಹೊರಗೋಡೆಯನ್ನು ಸೋಪಿನ ನೀರು ಹಾಕಿ ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತಾರೆ. ಮಾಡಿನ ಕೆಳಗಿನ ದಿಮ್ಮಿಯಿಂದ ಶುರುಮಾಡಿ ನೆಲದವರೆಗೆ. ನಾವು ಹಬ್ಬಕ್ಕೆ ಪಾತ್ರೆ ಬೆಳಗುವ ಹಾಗೆ ಅವರು ಮನೆಯನ್ನೇ ಬೆಳಗುತ್ತಾರೆ. ಅಂಥ ಬೀದಿಯಲ್ಲಿ ಒಂದೇ ಒಂದು ಮನೆ ಕಪ್ಪಗಿತ್ತು. ಇಡೀ ಸಾಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು.

ಅದು ಯಾಕೆ ಹಾಗೆ ಎಂದು ಬಸ್ ನಿಲ್ಲಿಸುವ ಜಾಗದ ಚೀಟಿ ಕೊಡುವವನನ್ನು ಕೇಳಿದೆ. ಅವನು ಹಿಂದೆ ಇಲ್ಲಿ, ನೆದರ್‌ಲ್ಯಾಂಡ್ಸಿನಲ್ಲಿ, ಟೊಮೆಟೊ ಬೆಳೆಯುವ ಗಾಜಿನಮನೆಗಳಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು, ನನ್ನಷ್ಟೇ ಹರಕುಮುರುಕು ಡಚ್ ಅವನದೂ. ಮನೆಯ ಕಡೆ ಗದ್ದ ತೋರಿಸಿ, "ರೂವ್" ಎಂದ. ಅಷ್ಟೇ, ಮುಂದಿನ ಬಸ್ಸಿನ ಕಡೆ ಓಡಿದ.

ನನಗೆ ಆ ಪದ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡೆ. ನಮ್ಮ ಪಕ್ಕದ ಫ್ಲಾಟಿನ ಡಚ್ ಅಜ್ಜಿ ತೀರಿಕೊಂಡಾಗ ಬೂದು ಅಂಚಿನ ಒಂದು ಕಾರ್ಡು ಬಾಗಿಲ ಸಂದಿಯಿಂದ ಬಿದ್ದಿತ್ತು. ಅಂಥ ಕಾರ್ಡಿಗೇ ಅವರಲ್ಲಿ ಒಂದು ಹೆಸರಿದೆ, ಅದರ ಮೊದಲರ್ಧ ರೌವ್. ಎಂದರೆ ಸತ್ತವರಿಗಾಗಿ ಶೋಕ. ಪೋಲೆಂಡಿನವನ ಬಾಯಲ್ಲಿ ರೌವ್ ಎನ್ನುವುದು ರೂವ್ ಆಗಿದೆ ಎಂದು ನಾನೇ ತೀರ್ಮಾನ ಮಾಡಿದೆ. ಶೋಕದ ಮನೆ, ಅದಕ್ಕೇ ಹಬ್ಬಕ್ಕೆ ತೊಳೆದಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ಸಿದ್ಧ ಪದವಿದೆಯಲ್ಲ! ಮೈಕ್ ಹಿಡಿದು ಹೇಳಿಯೇಬಿಟ್ಟೆ: "ಅಗೋ, ಆ ಕಪ್ಪು ಮನೆ ಕಾಣ್ತದಲ್ಲ, ಅದು ಸೂತಕದ ಮನೆ. ಸೂತಕ ಇದ್ದ ಮನೆಗೆ ಹಬ್ಬ ಇಲ್ಲ. ನಮ್ಮ ಹಾಗೆಯೇ."

ಬಸ್ಸು ಗಪ್‌ಚಿಪ್. ಫೋನುಗಳು ಕೆಳಗಿಳಿದವು. ಎಲ್ಲರೂ ಆ ಕಡೆಯ ಕಿಟಕಿಗೆ ಒರಗಿದರು. "ಅಯ್ಯೋ, ಇಲ್ಲೂ ಇದೆಯಾ ಸೂತಕ?" ಎಂದು ಮೈಸೂರಿನ ಒಬ್ಬ ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಇಡೀ ಟೂರಿನಲ್ಲಿ ಮೊದಲ ಬಾರಿ ಜನ ನನ್ನ ಮಾತು ಕೇಳಿದರು. ಆ ಖುಷಿ ಹೇಗಿತ್ತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಆ ಮನೆಯ ಗೇಟಿನಲ್ಲಿ ಒಬ್ಬ ಮುದುಕಿ ನಿಂತಿರುತ್ತಿದ್ದಳು. ಹೂವಿನ ಚಿತ್ತಾರದ ತಲೆವಸ್ತ್ರ, ಉಣ್ಣೆಯ ಜಾಕೀಟು, ಕೈಯಲ್ಲೊಂದು ತಟ್ಟೆ. ತಟ್ಟೆಯಲ್ಲಿ ಹೊಗೆಯಲ್ಲಿ ಒಣಗಿಸಿದ ಕುರಿಹಾಲಿನ ಚೀಸು, ತುಂಡು ಮಾಡಿ ಜೋಡಿಸಿದ್ದು, ಪಕ್ಕದಲ್ಲಿ ಕೆಂಪು ಹಣ್ಣಿನ ಜಾಮು. ಬೀದಿಯಲ್ಲಿ ಎಲ್ಲ ಮನೆಯವರೂ ಬಂದವರಿಗೆ ಹೀಗೆ ರುಚಿ ತೋರಿಸುತ್ತಾರೆ. ಮೆಚ್ಚಿದವರು ಕೊಳ್ಳುತ್ತಾರೆ. ನಮ್ಮವರು ಪಕ್ಕದ ಮನೆಯಲ್ಲಿ ತಿಂದರು, ಎದುರು ಮನೆಯಲ್ಲಿ ತಿಂದರು. ಈ ಮುದುಕಿ ತಟ್ಟೆ ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿದರು. ಸೂತಕದ ಮನೆಯಲ್ಲಿ ನೀರೂ ಮುಟ್ಟಬಾರದಲ್ಲ. ಫೋಟೋ ಮಾತ್ರ ತೆಗೆದುಕೊಂಡರು, ದೂರದಿಂದ.

ಇಲ್ಲಿಯವರೆಗಿನದು ಕಿವಿಯ ತಪ್ಪು. ಮುಂದಿನದು ಹಾಗಲ್ಲ.

ಎರಡನೇ ವರ್ಷವೂ ಮನೆ ಕಪ್ಪಗೇ ಇತ್ತು, ಮೂರನೇ ವರ್ಷವೂ. ಮತ್ತೆ ಬಂದ ಒಬ್ಬ ಎಂಜಿನಿಯರ್ ಕೇಳಿಯೇಬಿಟ್ಟ: "ಮೇಡಂ, ಹೋದ್ಸಲನೂ ಸೂತಕ ಅಂದಿದ್ರಿ. ನಮ್ಮಲ್ಲಿ ಹದ್ಮೂರು ದಿನ. ಇವ್ರದ್ದೇನು ಲೈಫ್‌ಟೈಮಾ?" ಆಗಲಾದರೂ "ನನಗೆ ಗೊತ್ತಿಲ್ಲಪ್ಪ, ವಿಚಾರಿಸ್ತೇನೆ" ಎನ್ನಬಹುದಿತ್ತು. ಮೈಕ್ ಕೈಯಲ್ಲಿತ್ತು. "ಇವರ ಪದ್ಧತಿ ಅದು. ಮಗ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಿ ಹೋದ, ಹೆಣ ಸಿಕ್ಕಲೇ ಇಲ್ಲ. ಹೆಣ ಸಿಗುವ ತನಕ ಸೂತಕ ಕಳೆಯುವುದಿಲ್ಲ" ಎಂದೆ. ನಾಲಿಗೆ ತಡವರಿಸಲೇ ಇಲ್ಲ. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಆ ಮಗನಿಗೆ ಮುಂದಿನ ವರ್ಷ ನಾನೊಂದು ಹೆಸರನ್ನೂ ಇಟ್ಟೆ.

ಆಮೇಲೊಂದು ವರ್ಷ ಮುದುಕಿ ಗೇಟಿನ ಬಳಿ ಸ್ಟೂಲ್ ಹಾಕಿ, ಅದರ ಮೇಲೆ ನೀಲಿ ಎನಾಮಲ್ ಬೋಗುಣಿಯಲ್ಲಿ ನೀರಿಟ್ಟುಕೊಂಡಿದ್ದಳು. ನಮ್ಮ ಬಸ್ಸು ಬಂದು ನಿಂತ ಕೂಡಲೇ ಆ ನೀರಲ್ಲಿ ಸೋಪು ಹಚ್ಚಿ ಕೈ ತೊಳೆದಳು. ನಮ್ಮ ಕಡೆ ನೋಡುತ್ತಲೇ ತೊಳೆದಳು, ಮೊಣಕೈವರೆಗೆ. ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡು ತಟ್ಟೆ ಎತ್ತಿದಳು. "ಏನ್ ಆಂಟಿ ಅದು?" ಎಂದು ಮಕ್ಕಳು ಕೇಳಿದರು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. "ಅದು ಅವರ ಸೂತಕದ ಶಾಸ್ತ್ರ" ಎಂದೆ. ಪ್ರತಿ ವರ್ಷ ಆ ಬೋಗುಣಿ ಇರುತ್ತಿತ್ತು. ಪ್ರತಿ ವರ್ಷ ಆಕೆ ಕೈ ತೊಳೆಯುತ್ತಿದ್ದಳು, ಪ್ರತಿ ವರ್ಷ ನಮ್ಮವರು ಅದನ್ನು ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಕಾಲ ಬದಲಾಯಿತು. ನನ್ನ ನೋಟ್‌ಬುಕ್ ಹೋಯಿತು, ಪ್ರಸನ್ನ ಟೂರಿನ ವಿವರಗಳನ್ನೆಲ್ಲ ಫೋನಿನ ಆ್ಯಪಿಗೆ ಹಾಕಿಸಿದ. ಕುರುಬರ ದಂಗೆಗೆ ಅದರಲ್ಲಿ ಒಂದೂವರೆ ಸಾಲು ಸಿಕ್ಕಿತು. ಸೂತಕದ ಮನೆಗೆ ಪೂರ್ತಿ ಒಂದು ಪುಟ, ಮುದುಕಿ ಕೈ ತೊಳೆಯುವ ಫೋಟೋ ಸಮೇತ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕವರು, "ನೀವೇ ಅಲ್ವಾ ಸೂತಕದ ಮನೆ ತೋರ್ಸೋ ಆಂಟಿ?" ಎಂದು ಗುರುತು ಹಿಡಿಯುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ.

ಕೆಲಸ ಬಿಡುವ ಹಿಂದಿನ ಬೇಸಿಗೆಯ ಕೊನೆಗೆ ನನ್ನ ಮೊಣಕಾಲಿಗೆ ಆಪರೇಷನ್ ಆಯಿತು. ನೆಲ ಒರೆಸುವುದಕ್ಕೂ ಬಗ್ಗುವಂತಿರಲಿಲ್ಲ. ಪರಿಚಯದವರ ಮನೆ ಕ್ಲೀನ್ ಮಾಡುತ್ತಿದ್ದ ಡೊರೋಟಾ ಎಂಬವಳು ವಾರಕ್ಕೊಮ್ಮೆ ಬರಲು ಒಪ್ಪಿದಳು. ಪೋಲೆಂಡಿನವಳು, ಐವತ್ತರ ಹತ್ತಿರ, ಡಚ್ ನೀಟಾಗಿ ಬರುತ್ತಿತ್ತು. ಬಂದ ಎರಡನೇ ವಾರ ಹಾಲ್‌ನ ಗೋಡೆಯ ಫೋಟೋಗಳ ಧೂಳು ಒರೆಸುತ್ತ ಒಂದರ ಮುಂದೆ ನಿಂತುಬಿಟ್ಟಳು. ನಮ್ಮ ಟೂರಿನ ಗ್ರೂಪ್ ಫೋಟೋ, ಹಿಂದೆ ಕಪ್ಪು ಮನೆ, ಗೇಟಿನಲ್ಲಿ ಚಿಕ್ಕದಾಗಿ ಮುದುಕಿ.

"ಇವಳು ನನ್ನಮ್ಮ" ಎಂದಳು.

ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ಮೇಜಿನ ಮೇಲೆ ಇಟ್ಟೆ.

"ಅಮ್ಮ ಹೇಳೋ ಬಸ್ಸು ನಿಮ್ಮದೇನಾ? ಪ್ರತಿ ವರ್ಷ ಫೋನಲ್ಲಿ ಹೇಳ್ತಾಳೆ. ಬಣ್ಣ ಬಣ್ಣದ ಬಟ್ಟೆ ಹಾಕಿದ ಜನ ಬರ್ತಾರೆ, ನಮ್ಮ ಮನೇನೇ ಜಾಸ್ತಿ ನೋಡ್ತಾರೆ, ಫೋಟೋ ತೆಗೀತಾರೆ, ಆದ್ರೆ ನಾನು ಕೊಟ್ಟದ್ದು ಮಾತ್ರ ಮುಟ್ಟಲ್ಲ ಅಂತ. ನನ್ನ ಕೈ ಕೊಳಕಾಗಿ ಕಾಣುತ್ತಾ ಅಂತ ನನ್ನನ್ನ ಕೇಳಿದ್ಳು. ಒಂದು ಬೋಗುಣಿ ಇಟ್ಕೊಂಡು ಅವರೆದುರಿಗೇ ತೊಳಿ, ಆಗ ನಂಬ್ತಾರೆ ಅಂತ ನಾನೇ ಹೇಳ್ಕೊಟ್ಟೆ. ತೊಳೆದ್ರೂ ತಗೊಳ್ಳಲ್ವಂತೆ."

ಅವಳು ಇದನ್ನು ಜಗಳಕ್ಕೆ ಬಂದ ಹಾಗೆ ಹೇಳಲಿಲ್ಲ. ಕಾರಣ ತಿಳಿದುಕೊಳ್ಳಬೇಕಿತ್ತು, ಅಷ್ಟೇ. ನಾನು ಏನು ಮಾಡಿದೆ ಗೊತ್ತೇ? "ನಮ್ಮಲ್ಲಿ ಕೆಲವರು ಚೀಸ್ ತಿನ್ನುವುದಿಲ್ಲ, ಅದಕ್ಕೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದಂತೆ" ಎಂದೆ.

"ಪಕ್ಕದ ಮನೇಲಿ ತಿಂತಾರಂತಲ್ಲ" ಎಂದಳು ಡೊರೋಟಾ.

ಮನೆಯಲ್ಲಿ ಯಾರು ತೀರಿಕೊಂಡಿದ್ದು ಎಂದು ಮೆಲ್ಲಗೆ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಯಾರೂ ಇಲ್ಲ, ಅಪ್ಪ ಅವಳು ಚಿಕ್ಕವಳಿದ್ದಾಗಲೇ ಹೋದವನು. ಅಣ್ಣ ತಮ್ಮ ಹುಟ್ಟೇ ಇಲ್ಲ. ಹಾಗಾದರೆ ಗೋಡೆ ಯಾಕೆ ತೊಳೆಯುವುದಿಲ್ಲ ಎಂದೆ. "ಯಾರು ತೊಳೀಬೇಕು? ಅಮ್ಮ ಏಣಿ ಹತ್ತಲ್ಲ. ನಾನು ಇಲ್ಲಿ ವಾರವೆಲ್ಲ ಬೇರೆಯವರ ಮನೆ ತೊಳೀತೀನಿ. ಊರ ಹಬ್ಬದ ಹೊತ್ತಿಗೇ ಇಲ್ಲಿ ಎಲ್ಲರಿಗೂ ಚಳಿಗಾಲ ಕಳೆದ ಮೇಲಿನ ಕ್ಲೀನಿಂಗ್ ಬೇಕು, ರಜೆ ಕೊಡಲ್ಲ. ಅದಕ್ಕೇ ಮರ ಹಾಗೇ ರೂವ್ ಆಗಿದೆ."

ಅವಳ ಬಾಯಲ್ಲಿ ಆ ಪದವನ್ನು ಮತ್ತೊಮ್ಮೆ ಕೇಳಿಸಿಕೊಂಡೆ. ರೂವ್. ಅವಳು ಹೋದ ಮೇಲೆ ಪದಕೋಶ ತೆಗೆದೆ. ರೂವ್ ಎಂದರೆ ಒರಟು, ತಿಕ್ಕಿ ನುಣುಪು ಮಾಡದ್ದು. ರೌವ್ ಎಂದರೆ ಶೋಕ. ಎರಡರ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ. ಪೋಲೆಂಡಿನವನು ಸರಿಯಾಗಿಯೇ ಹೇಳಿದ್ದ. ಅವನ ಉಚ್ಚಾರ ತಿದ್ದಲು ಹೋದವಳು ನಾನು.

ಪ್ರಸನ್ನನ ಆಫೀಸಿಗೆ ಊರುಗೋಲು ಹಿಡಿದುಕೊಂಡೇ ಹೋದೆ. ಎಲ್ಲ ಹೇಳಿದೆ, ಆ ಪುಟ ತೆಗೆದುಹಾಕು ಎಂದೆ. ಅವನು ಕುರ್ಚಿ ತಿರುಗಿಸಿ ಸ್ಕ್ರೀನ್ ತೋರಿಸಿದ. "ಅಕ್ಕಾ, ರಿವ್ಯೂ ಓದಿ ಸ್ವಲ್ಪ. ಪೋಲೆಂಡ್ ಟೂರಲ್ಲಿ ಜನ ಬರೆಯೋದೇ ಆ ಮನೆ ಬಗ್ಗೆ. ಯಾರಿಗೇನು ನಷ್ಟ ಆಯ್ತು ಹೇಳಿ?"

"ಆ ಹೆಂಗಸಿಗೆ ಮಾರಾಯ" ಎಂದೆ.

"ಅವ್ರಿಗೆ ಗೊತ್ತೇ ಇಲ್ವಲ್ಲ ಅಕ್ಕ."

ಈ ಕೆಲಸದಲ್ಲಿ ನಾನು ಕೇಳಿದ ಅತಿ ಕೊಳಕು ಮಾತು ಅದು. ಆದರೆ ಬಯ್ಯಲು ನನಗೆ ಯಾವ ಮುಖವಿತ್ತು? ಆ ಪುಟದ ಒಂದೊಂದು ಅಕ್ಷರವೂ ನನ್ನದೇ ಬಾಯಿಂದ ಬಂದದ್ದು. ಮುಂದಿನ ಮೇ ತಿಂಗಳ ಟೂರೇ ನನ್ನ ಕೊನೆಯದು. ಆ ಗೇಟಿನ ಮುಂದೆ ನಿಂತು ಎಲ್ಲರಿಗೂ ನಿಜ ಹೇಳುತ್ತೇನೆ, ಮೊದಲ ತುಂಡು ಮುದುಕಿಯ ಕೈಯಿಂದ ನಾನೇ ತೆಗೆದುಕೊಂಡು ತಿನ್ನುತ್ತೇನೆ ಎಂದು ನಿಶ್ಚಯಿಸಿದೆ. ಡೊರೋಟಾಗೆ ಮಾತ್ರ ಹೇಳಲಿಲ್ಲ. ವಾರವಾರವೂ ಅವಳು ಬಂದಳು, ನನ್ನ ಮನೆ ತೊಳೆದಳು, ಹೋದಳು. ಈ ವಾರ ಹೇಳೋಣ, ಬರುವ ವಾರ ಹೇಳೋಣ ಎಂದು ಇಡೀ ಚಳಿಗಾಲ ಮುಂದೂಡಿದೆ. ಟೂರಿಗೆ ಒಂದು ವಾರವಿದ್ದಾಗ ಅವಳು ಬರಲಿಲ್ಲ. "ಊರಿಗೆ ಹೋಗಬೇಕಾಗಿ ಬಂತು" ಎಂದು ಒಂದು ಸಾಲಿನ ಮೆಸೇಜು. ಹಬ್ಬಕ್ಕೆ ಕೊನೆಗೂ ರಜೆ ಸಿಕ್ಕಿತೆಂದುಕೊಂಡು ಸಮಾಧಾನಪಟ್ಟೆ.

ಬಸ್ಸು ಆ ಬೀದಿಗೆ ತಿರುಗಿದಾಗ ನನಗೆ ಮನೆಯ ಗುರುತೇ ಹತ್ತಲಿಲ್ಲ. ಕಪ್ಪು ಮನೆ ಇರಲಿಲ್ಲ. ಅದರ ಜಾಗದಲ್ಲಿದ್ದದ್ದು ಎಲ್ಲಕ್ಕಿಂತ ಬೆಳ್ಳಗಿನ ಮನೆ, ಈಗಷ್ಟೇ ಸಿಪ್ಪೆ ಸುಲಿದ ಹಾಗೆ. ಗೋಡೆಗೆ ಏಣಿ ಇನ್ನೂ ಒರಗಿತ್ತು. ಗೇಟಿನಲ್ಲಿ ಡೊರೋಟಾ ನಿಂತಿದ್ದಳು, ಕೈಯಲ್ಲಿ ಅದೇ ತಟ್ಟೆ. ಸ್ಟೂಲ್ ಇರಲಿಲ್ಲ, ಬೋಗುಣಿ ಇರಲಿಲ್ಲ.

ನಾನು ಕೋಲೂರಿಕೊಂಡು ಎಲ್ಲರಿಗಿಂತ ಮೊದಲು ಇಳಿದು ಹೋದೆ. "ಅಮ್ಮ ಎಲ್ಲಿ?"

"ಸೋಮವಾರ ಹೋದ್ಳು" ಎಂದಳು. "ನಾಳೆ ಚರ್ಚಿನಲ್ಲಿ ಮಣ್ಣು. ಮೂರು ದಿನ ಒಬ್ಬಳೇ ತಿಕ್ಕಿದೆ. ಕಪ್ಪು ಮನೆಯಿಂದ ಅವಳನ್ನ ಹೊರಗೆ ಕಳ್ಸೋಕೆ ಮನಸ್ಸಾಗ್ಲಿಲ್ಲ." ಅವಳ ಬೆರಳ ತುದಿಗಳು ಸೋಪಿನ ನೀರಿಗೆ ಬೆಂದು ಬಿಳಿಚಿಕೊಂಡಿದ್ದವು. "ನೀವು ಬರೋ ದಿನ ಗೊತ್ತಿತ್ತು. ಅಮ್ಮ ನಿಮಗೇ ಅಂತ ಚೀಸ್ ಎತ್ತಿಟ್ಟಿದ್ಳು. ಈ ಸಲನಾದ್ರೂ ತಗೊಳ್ತಾರೇನೋ ಅಂದಿದ್ಳು."

ಅಷ್ಟರಲ್ಲಿ ಬಸ್ಸಿನವರು ಬಂದು ಸುತ್ತುವರಿದರು. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಆ್ಯಪು. "ಆಂಟಿ, ಸೂತಕದ ಮನೆ ಎಲ್ಲಿ? ಇದೇ ಬೀದಿ ಅಂತ ತೋರಿಸ್ತಿದೆ." ಇನ್ನೊಬ್ಬರು, "ಅದನ್ನ ನೋಡೋಕೇ ಬಂದಿದ್ದು ಕಣ್ರೀ ನಾವು." ಬಾಯಿ ತೆರೆದೆ. ಹದಿನೆಂಟು ವರ್ಷ ಒಂದು ದಿನವೂ ಕೈಕೊಡದ ನಾಲಿಗೆ ಆವತ್ತು ಮೇಲೇಳಲಿಲ್ಲ. "ಅಂಥ ಮನೆ ಇಲ್ಲ" ಎಂದಷ್ಟೇ ಅಂದೆ. ಬೇಜಾರು ಮಾಡಿಕೊಂಡರು. ಆಮೇಲೆ ಡೊರೋಟಾಳ ತಟ್ಟೆ ನೋಡಿದರು. "ಎಷ್ಟು ನೀಟಾಗಿ ಇಟ್ಕೊಂಡಿದಾರೆ ನೋಡ್ರೀ ಮನೇನ!" ಎನ್ನುತ್ತ ಒಬ್ಬೊಬ್ಬರೇ ಕೈ ಹಾಕಿದರು. ಜಾಮಿನಲ್ಲಿ ಅದ್ದಿ ತಿಂದರು, ಮಕ್ಕಳಿಗೂ ತಿನ್ನಿಸಿದರು. ಒಳಗೆ ಹೆಣ ಇತ್ತು. ಆ ಮನೆಯಲ್ಲಿ ನಿಜವಾದ ಸೂತಕ ಇದ್ದ ದಿನ ನಮ್ಮವರು ಅಲ್ಲಿ ನಿಂತು ಎರಡೆರಡು ಸಲ ಕೇಳಿ ತಿಂದರು. ನಾನೂ ಒಂದು ತುಂಡು ಎತ್ತಿಕೊಂಡೆ.

ಡೊರೋಟಾ ಅವರನ್ನೇ ನೋಡುತ್ತಿದ್ದಳು. "ಇವತ್ತು ಯಾಕೆ ತಿಂತಿದ್ದಾರೆ?" ಎಂದು ನನ್ನನ್ನು ಕೇಳಿದಳು.

ಆಗ ಹೇಳಿದೆ. ಚೀಟಿ ಕೊಡುವವನು ಹೇಳಿದ ಪದ, ನಾನು ಕೇಳಿಸಿಕೊಂಡ ಪದ, ಸೂತಕ ಎಂದರೇನು, ಹಿಮದಲ್ಲಿ ಸತ್ತ ಇಲ್ಲದ ಮಗ, ಬೋಗುಣಿಗೆ ನಾನು ಕೊಟ್ಟ ಅರ್ಥ. ಏನೂ ಬಚ್ಚಿಡಲಿಲ್ಲ. ಅವಳು ಪೂರ್ತಿ ಕೇಳಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದರೆ ಸಾಕಿತ್ತು ಎಂದೂ ಅಂದುಕೊಂಡೆ. ನನ್ನ ಹಿಂದೆ ಯಾರೋ, "ಇನ್ನೊಂದ್ ಪೀಸ್ ಕೊಡಕ್ಕೆ ಹೇಳಿ ಆಂಟಿ" ಎಂದರು.

ಡೊರೋಟಾ ಕೈ ಚಾಚಿ, ನನ್ನ ಬೆರಳುಗಳ ನಡುವೆ ಇದ್ದ ಚೀಸಿನ ತುಂಡನ್ನು ವಾಪಸ್ಸು ತೆಗೆದುಕೊಂಡಳು. ಅದನ್ನು ಕೇಳಿದವರಿಗೆ ಕೊಟ್ಟಳು.